ಹಿನ್ನೆಲೆ ಅಳಿಸಿದರೆ ಊರನ್ನೇ ಅಳಿಸಿದಂತೆ

ಖಾಲಿ ಕೊಡ ಹಿಡಿದ ಅಜ್ಜಿಯ ಫೋಟೊ. ಮುಖದ ಸುಕ್ಕು ಎಣಿಸುವಷ್ಟು ಸ್ಪಷ್ಟ. ಹಿಂದೆ? ಬರೀ ಮಸುಕು. ನಲ್ಲಿ ಒಣಗಿದೆಯೋ, ಟ್ಯಾಂಕ್ ಬಿರುಕು ಬಿಟ್ಟಿದೆಯೋ, ಸಾಲಿನಲ್ಲಿ ಇನ್ನೆಷ್ಟು ಜನರೋ, ಒಂದೂ ಕಾಣದು. ಇಂಥ ಫೋಟೊಗೆ ಲೈಕ್ ಬರುತ್ತದೆ, ನೀರು ಬರುವುದಿಲ್ಲ.

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ. ಅದನ್ನು ಎಫ್ 1.8ಕ್ಕೆ ಅಗಲವಾಗಿ ತೆರೆದೇ ಹೊಡೆಯುವ ಚಟ ನಮ್ಮ ಫೋಟೊಗ್ರಾಫರುಗಳಿಗೆ ಅಂಟಿದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, 2 ಮೀಟರ್ ದೂರ: ಹೀಗೆ ತೆಗೆದರೆ ಸ್ಪಷ್ಟವಾಗಿರುವುದು ಒಂದು ಗೇಣಿಗೂ ಕಡಿಮೆ ಆಳ. ಎಫ್ 8 ಇಟ್ಟರೆ ಕಂಡಿ ಕಿರಿದಾಗುತ್ತದೆ. 4 ಮೀಟರ್ ದೂರಕ್ಕೆ ಸರಿದು ತೆಗೆಯಿರಿ, 3 ಮೀಟರಿಗೂ ಹೆಚ್ಚು ಆಳ ಸ್ಪಷ್ಟವಾಗಿ ಸಿಗುತ್ತದೆ.

ಫೋನಿನ ಪೋರ್ಟ್ರೇಟ್ ಮೋಡ್ ಇನ್ನೂ ಒಂದು ಕೈ ಮೇಲು. ಪುಟ್ಟ ಸೆನ್ಸರಿಗೆ ಹಿನ್ನೆಲೆಯೂ ಸಾಕಷ್ಟು ಚೆನ್ನಾಗಿಯೇ ಸಿಕ್ಕಿರುತ್ತದೆ. ಸಾಫ್ಟ್‌ವೇರ್ ಬೇಕಂತಲೇ ಅದನ್ನು ಮಸುಕು ಮಾಡುತ್ತದೆ.

ಮದುವೆ ಆಲ್ಬಮ್ಮಿಗೆ ಮಸುಕು ಚೆಂದ. ಕತ್ತಲ ಮನೆಯೊಳಗೆ ಬೆಳಕು ಸಾಲದಾಗ ಕಂಡಿ ಅಗಲಿಸದೆ ಗತಿಯಿಲ್ಲ, ಒಪ್ಪೋಣ. ಸುಡುಬಿಸಿಲಿನ ಮಧ್ಯಾಹ್ನವೂ ಯಾಕೆ? ಬಡವರ ಮುಖ ಚೆಂದ ಕಾಣಲಿ ಅಂತ ಅವರ ಕಷ್ಟದ ಕಾರಣವನ್ನೇ ಅಳಿಸಿದರೆ ಅದು ಸುದ್ದಿಯಲ್ಲ, ಶೋಕಿ.

ನಿಮ್ಮೂರಿನ ಸಮಸ್ಯೆ ತೆಗೆಯುವಾಗ ಪೋರ್ಟ್ರೇಟ್ ಮೋಡ್ ಬಿಡಿ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಅಜ್ಜಿಯ ಜೊತೆ ನಲ್ಲಿಯೂ ಬರಲಿ, ಟ್ಯಾಂಕಿನ ಮೇಲೆ ಬರೆದ ಪಂಚಾಯ್ತಿ ಹೆಸರೂ ಬರಲಿ. ನಾಳೆ ಸಾಹೇಬರು “ಇದು ಎಲ್ಲಿಯ ಫೋಟೊನೋ ಏನೋ” ಅಂದರೆ ಫೋಟೊನೇ ಉತ್ತರ ಹೇಳಬೇಕು.