ಒಳಗಂಚಿನ ಸಾಕ್ಷ್ಯ

ನನ್ನ ಭಾವಮೈದುನನು ತನ್ನ ಕಾರಿನ ಸ್ಪ್ರಿಂಗುಗಳನ್ನು ಬದಲಿಸಿ, ಗಾಡಿಯನ್ನು 2 ಅಂಗುಲ ತಗ್ಗಿಸಿಕೊಂಡು ಬಂದಾಗ ಅದರ ಗತ್ತನ್ನು ನಾನೂ ಮೆಚ್ಚಿದ್ದೆನು. ಆರು ತಿಂಗಳ ಬಳಿಕ, ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಡುವ ಮುನ್ನಾದಿನ, ಗಾಳಿ ಹಾಕಿಸಲು ಹೋದೆವು. ಗಾಳಿ ಹಾಕುವ ಮುದುಕನು ಚಕ್ರದ ಹಿಂದೆ ಕೈಯಾಡಿಸಿ, “ಸ್ವಾಮಿ, ಇಲ್ಲಿ ನೋಡಿ” ಎಂದನು. ಹೊರಗೆ ಹೊಸದರಂತಿದ್ದ ಟೈರಿನ ಒಳಗಂಚಿನಲ್ಲಿ ಉಕ್ಕಿನ ತಂತಿ ಇಣುಕುತ್ತಿತ್ತು!

ಗಾಡಿ ತಗ್ಗಿದಾಗ ಚಕ್ರವನ್ನು ಹಿಡಿದ ತೋಳುಗಳ ಕೋನವೂ ಬದಲಾಗುತ್ತದೆ. ಸಾಮಾನ್ಯವಾಗಿ ಚಕ್ರದ ನೆತ್ತಿ ಒಳಕ್ಕೆ ವಾಲುತ್ತದೆ, ಇದು ಕ್ಯಾಂಬರ್. ಟೈ ರಾಡುಗಳ ಕೋನವೂ ಬದಲಾಗಿ, ಮುಂಚಕ್ರಗಳು ನೇರ ದಿಕ್ಕನ್ನು ಬಿಟ್ಟು ಓರೆಯಾಗುತ್ತವೆ, ಇದು ಟೋ. ವಾಲಿದ ಚಕ್ರವು ಒಂದು ಅಂಚಿನಲ್ಲಿ ಮೆಲ್ಲಗೆ ಸವೆಯುತ್ತದೆ. ಓರೆಯಾದ ಚಕ್ರವಾದರೋ ಉರುಳುತ್ತಲೇ ರಸ್ತೆಗೆ ಉಜ್ಜಿಕೊಳ್ಳುತ್ತದೆ. ಟೈರನ್ನು ಬೇಗ ತಿನ್ನುವುದು ಈ ಎರಡನೆಯದೇ.

ವಾಚಕರಲ್ಲಿ ಯಾರಾದರೂ ಗಾಡಿ ತಗ್ಗಿಸಿದ್ದರೆ, ಹೊಸ ಸ್ಪ್ರಿಂಗುಗಳು ಭಾರಕ್ಕೆ ಹೊಂದಿಕೊಂಡ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸತಕ್ಕದ್ದು. ಟೋ ಅನ್ನು ಟೈ ರಾಡಿನಲ್ಲೇ ಸರಿಪಡಿಸಬಹುದು. ಕ್ಯಾಂಬರಿಗೆ ಕೆಲವು ಕಾರುಗಳಲ್ಲಿ ಬೇರೆ ಬೋಲ್ಟು ಬೇಕಾದೀತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಮುಂಟೈರಿನ ಒಳಗಂಚು ಕಣ್ಣಿಗೆ ಬೀಳುತ್ತದೆ. ಅಲ್ಲಿಯೂ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಆ ಟೈರಿನ ಆಯುಸ್ಸು ಮುಗಿದಂತೆಯೇ.

ಮರುದಿನ ನಾವು ಬಸ್ಸಿನಲ್ಲಿ ಘಾಟಿ ಇಳಿದೆವು. ಮಳೆ ಹಿಡಿದಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಭಾವಮೈದುನನು, ಕಿಟಕಿಯಾಚೆಯ ಪ್ರಪಾತವನ್ನು ನೋಡುತ್ತ ಬಹಳ ಹೊತ್ತು ಮಾತನಾಡಲಿಲ್ಲ.