ಹಳೆಯ ಅಂಗಡಿಯಲ್ಲಿ ಹೊಸ ಉದ್ಯಮ ಹುಟ್ಟಲಿ

ತಂದೆ ಕಟ್ಟಿದ ವ್ಯಾಪಾರ ಮಗನ ಕಾಲಕ್ಕೆ ಸೊರಗಿದಾಗ ಮಾರುಕಟ್ಟೆಯನ್ನೋ ಸರಕಾರವನ್ನೋ ದೂರುವುದು ವಾಡಿಕೆ. ಈ ದೂರಿನಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಹೊಸ ಅಂಗಡಿ ತೆರೆಯುವುದಷ್ಟೇ ಉದ್ಯಮಶೀಲತೆಯಲ್ಲ, ನಡೆಯುತ್ತಿರುವ ಅಂಗಡಿಯೊಳಗೇ ಹೊಸ ಸರಕು, ಹೊಸ ವಿಧಾನ, ಹೊಸ ಗಿರಾಕಿಯನ್ನು ಹುಡುಕುವುದೂ ಉದ್ಯಮಶೀಲತೆಯೇ ಎಂಬುದನ್ನು ನಾವು ಮನಗಾಣಬೇಕಾಗಿದೆ.

ವಿಪ್ರೊ ಸಂಸ್ಥೆಯನ್ನೇ ನೋಡಿ. 1945ರಲ್ಲಿ ಮಹಾರಾಷ್ಟ್ರದ ಅಮಳನೇರ್ ಎಂಬ ಸಣ್ಣ ಪಟ್ಟಣದಲ್ಲಿ ಮುಹಮ್ಮದ್ ಹಾಶಿಮ್ ಪ್ರೇಮ್‌ಜಿ ಆರಂಭಿಸಿದ್ದು ವನಸ್ಪತಿ ತಯಾರಿಕೆಯ ಕಂಪೆನಿಯನ್ನು. 1966ರಲ್ಲಿ ಅವರು ನಿಧನರಾದಾಗ 21ರ ಹರೆಯದ ಅಝೀಮ್ ಪ್ರೇಮ್‌ಜಿ ಹೊಣೆ ಹೊತ್ತರು. ಅವರು ಎಣ್ಣೆಯ ವ್ಯಾಪಾರವನ್ನು ಕೈಬಿಡಲಿಲ್ಲ, ಅದರಲ್ಲಿಯೇ ಕೈಕಟ್ಟಿ ಕೂರಲೂ ಇಲ್ಲ. ಸಾಬೂನು, ಹೈಡ್ರಾಲಿಕ್ ಸಿಲಿಂಡರುಗಳ ಕಡೆಗೆ ಕೈಚಾಚಿದರು. 1970ರ ದಶಕದ ಕೊನೆಯಲ್ಲಿ ಐಬಿಎಂ ಭಾರತವನ್ನು ತೊರೆದಾಗ ತೆರವಾದ ಜಾಗವನ್ನು ಗುರುತಿಸಿ ಕಂಪ್ಯೂಟರ್ ಕ್ಷೇತ್ರಕ್ಕೆ ಕಾಲಿಟ್ಟರು. ಒಂದೇ ಸರಕನ್ನು ನೆಚ್ಚಿದ್ದರೆ ಆ ಕಂಪೆನಿ ಇಂದಿನ ಎತ್ತರಕ್ಕೆ ಏರುತ್ತಿತ್ತೇ?

ಹಾಗೆಂದು ಕಂಡ ಕಂಡ ವ್ಯವಹಾರಕ್ಕೆ ಕೈಹಾಕಬೇಕೆಂದು ನಾವು ಹೇಳುತ್ತಿಲ್ಲ. ಹೊಸ ಪ್ರಯೋಗದಲ್ಲಿ ಖರ್ಚು ಮೊದಲು, ಲಾಭ ಆಮೇಲೆ. ದೊಡ್ಡ ಕಂಪೆನಿ ತಾಳಿಕೊಳ್ಳುವ ನಷ್ಟ ಸಣ್ಣ ಕಾರ್ಖಾನೆಯನ್ನು ಮುಳುಗಿಸೀತು. ಆದ್ದರಿಂದ ಸಾಲದ ಹಣದಲ್ಲಲ್ಲ, ಲಾಭದ ಒಂದು ಪಾಲಿನಲ್ಲಿ ಪ್ರಯೋಗ ನಡೆಯಲಿ. ಅದರ ಲೆಕ್ಕ ಬೇರೆಯೇ ಇರಲಿ, ಎಷ್ಟು ನಷ್ಟವಾದರೆ ನಿಲ್ಲಿಸಬೇಕೆಂಬುದು ಮೊದಲೇ ನಿರ್ಧಾರವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿಯ ಬೇಕುಬೇಡಗಳನ್ನು ದಿನವೂ ಕಾಣುವ ಕೆಲಸಗಾರನ ಮಾತಿಗೆ, ಕಾಲೇಜು ಕಲಿತ ಮಗ-ಮಗಳ ಸಲಹೆಗೆ ಯಜಮಾನರು ಕಿವಿಗೊಡಲಿ. “ನಿನಗೇನು ಗೊತ್ತು” ಎಂಬ ಒಂದು ಮಾತು ಎಷ್ಟೋ ಅಂಗಡಿಗಳ ಭವಿಷ್ಯವನ್ನು ಮೊಳಕೆಯಲ್ಲೇ ಚಿವುಟಿದೆ.

ಸರಕಾರದ ಹೊಣೆಯೂ ಸಣ್ಣದಲ್ಲ. ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಂದ ಸರಕು ಕೊಂಡವರು, ಒಪ್ಪಂದ ಏನೇ ಇರಲಿ, 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ವಿಧಿಸುತ್ತದೆ. ಆದರೆ ದೊಡ್ಡ ಗಿರಾಕಿ ಕೈತಪ್ಪೀತೆಂಬ ಭಯದಿಂದ ದೂರು ಕೊಡಲು ಹಿಂಜರಿಯುವವರೇ ಹೆಚ್ಚು. ದುಡಿದ ಹಣವೇ ಕೈಸೇರದವನು ಯಾವ ಧೈರ್ಯದಿಂದ ಹೊಸತಕ್ಕೆ ಕೈಹಾಕಿಯಾನು?

ಕಾನೂನು ಕಾಗದದಿಂದ ಇಳಿದು ಬರಲಿ. ಅಲ್ಲಿಯವರೆಗೂ ಕಾಯದೆ, ನಮ್ಮ ಮನೆಯ ಯುವಕ ಯುವತಿಯರಿಗೆ ಅಂಗಡಿಯ ಒಂದು ಮೂಲೆಯನ್ನಾದರೂ ನಾವು ಬಿಟ್ಟುಕೊಡೋಣ. ನಾಳಿನ ಅನ್ನ ಅಲ್ಲಿಂದಲೇ ಬಂದೀತು.