ಬಿಲ್ ಬೇಡವೆಂದರೆ ಬೆಲೆ ಕಡಿಮೆ

ಕಳೆದ ಮಳೆಗಾಲದ ಮಾತು. ಪುನರ್ವಸು ಮಳೆ ಮೂರು ದಿನ ಹೊಳವು ಕೊಟ್ಟು, ನಾಲ್ಕನೆಯ ದಿನ ಮತ್ತೆ ಹಿಡಿದಿತ್ತು. ನಮ್ಮ ಸದಸ್ಯರೊಬ್ಬರು ತೊಯ್ದ ಕೊಡೆಯನ್ನು ಹೊರಗೆ ಒರಗಿಸಿ ಸಂಘದ ಕಚೇರಿಗೆ ಬಂದು ಕುಳಿತರು. ನಾಲ್ಕು ಎಕರೆ ಅಡಿಕೆ ತೋಟ, ಅದರ ನಡುವೆ ಅಷ್ಟಿಷ್ಟು ಕಾಫಿ ಇರುವವರು. ಮೇ ತಿಂಗಳಲ್ಲಿ ಪಟ್ಟಣದ ಅಂಗಡಿಯೊಂದರಿಂದ ಔಷಧಿ ಹೊಡೆಯುವ ಪಂಪನ್ನು ತಂದಿದ್ದರು. ಮೊದಲನೆಯ ಸಲದ ಬೋರ್ಡೋ ದ್ರಾವಣವನ್ನು ಅದರಲ್ಲೇ ಹೊಡೆಸಿದರು. ಎರಡನೆಯ ಸಲಕ್ಕೆ, ಮೈಲುತುತ್ತು ಸುಣ್ಣ ಎರಡನ್ನೂ ನೆನೆಹಾಕಿ, ದಿನಕ್ಕಿಷ್ಟೆಂದು ಮಾತಾಡಿ ಮರ ಹತ್ತುವವರನ್ನು ಕರೆಸಿ, ಪಂಪು ಚಾಲೂ ಮಾಡಿದರೆ ಒತ್ತಡವೇ ಏರಲಿಲ್ಲ.

ಪಂಪನ್ನು ಜೀಪಿನಲ್ಲಿ ಹಾಕಿಕೊಂಡು ಪಟ್ಟಣಕ್ಕೆ ಓಡಿದರು. ಅಂಗಡಿಯಾತ ಕೂತಲ್ಲಿಂದಲೇ ನೋಡಿ ಕೇಳಿದ ಪ್ರಶ್ನೆ ಇದು: "ಇದು ನಮ್ಮ ಅಂಗಡೀದೇ ಅಂತ ಹ್ಯಾಗೆ ಹೇಳ್ತೀರಿ, ಗೌಡ್ರೇ? ಬಿಲ್ ಇದೆಯಾ?"

ಬಿಲ್ ಇರಲಿಲ್ಲ. ಕೊಳ್ಳುವಾಗ ಅದೇ ವ್ಯಕ್ತಿ, "ಬಿಲ್ ಬೇಕಂದ್ರೆ 28,000, ಬೇಡ ಅಂದ್ರೆ ಮೂರು ಸಾವಿರ ಕಡಿಮೆ" ಎಂದಿದ್ದನಂತೆ. ಇವರು ಮೂರು ಸಾವಿರ ಉಳಿಸಿದರು. ಅರ್ಧ ಹಣವನ್ನು ನಗದಾಗಿ ಕೊಟ್ಟು, ಉಳಿದರ್ಧವನ್ನು ಫೋನಿನಲ್ಲಿ ಕಳುಹಿಸಿದ್ದರು. ಆ ಹಣ ಹೋದದ್ದು ಅಂಗಡಿಯ ಹೆಸರಿಗಲ್ಲ, ಮಾಲೀಕನ ತಮ್ಮನ ಖಾತೆಗೆ. ವಾರಂಟಿ ಕಾರ್ಡು ಡಬ್ಬದೊಳಗೇ ಇತ್ತು. ಅದರಲ್ಲಿ ಮಾರಿದ ತಾರೀಕು, ಅಂಗಡಿಯ ಮೊಹರು ಇರಬೇಕಾದ ಜಾಗಗಳೆರಡೂ ಖಾಲಿ. ಸಂಘದ ಪರವಾಗಿ ಒಂದು ಪತ್ರ ಬರೆದುಕೊಡಿ ಎಂದು ಅವರು ಕೇಳಿದಾಗ, ಯಾವ ಆಧಾರದ ಮೇಲೆ ಬರೆಯುವುದೆಂದು ನಮಗೂ ತೋಚಲಿಲ್ಲ. ಹೊಳವು ಕಳೆದುಹೋಗಿತ್ತು. ಎರಡನೆಯ ಔಷಧಿ ತಪ್ಪಿದ ತೋಟದಲ್ಲಿ ಆಮೇಲೆ ಏನಾಯಿತೆಂಬುದನ್ನು ಅಡಿಕೆ ಬೆಳೆಗಾರರಿಗೆ ನಾವು ವರ್ಣಿಸಿ ಹೇಳಬೇಕಾಗಿಲ್ಲ.

ಯಂತ್ರಗಳಿಲ್ಲದೆ ಇಂದು ತೋಟ ನಡೆಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಳೆ ಹೊಡೆಯಲು ಯಂತ್ರ, ಅಡಿಕೆ ಸುಲಿಯಲು ಯಂತ್ರ, ಕಾಫಿಗೆ ಪಲ್ಪರ್, ಮರ ಹತ್ತುವವರು ಸಿಕ್ಕದಿರುವುದರಿಂದ ಕಾರ್ಬನ್ ಫೈಬರ್ ದೋಟಿ. ಹಿಂದೆ ಕತ್ತಿ ಹೋದರೆ ಊರ ಆಚಾರಿಯ ಕುಲುಮೆಯಲ್ಲಿ ತಟ್ಟಿಸಿದರೆ ಮುಗಿಯುತ್ತಿತ್ತು. ಬಿಲ್ಲೂ ಬೇಕಿರಲಿಲ್ಲ, ವಾರಂಟಿಯೂ ಬೇಕಿರಲಿಲ್ಲ, ಆಚಾರಿಯ ಮುಖವೇ ಸಾಕಿತ್ತು. ಈಗಿನ ಯಂತ್ರಕ್ಕೆ ಎಂಜಿನ್ ಒಬ್ಬರದು, ಪಂಪು ಇನ್ನೊಬ್ಬರದು, ಮಾರುವವನು ಮೂರನೆಯವನು. ಕೆಟ್ಟಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ವಾರಂಟಿ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿದರೆ ಸೀಲು, ಬೆಲ್ಟು, ಹೋಸು, ಪ್ಲಗ್ಗುಗಳಿಗೆ ಇದು ಅನ್ವಯಿಸದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಮೊದಲು ಕೆಡುವುದೂ ಅವೇ!

ಹೀಗಿರುವಾಗ ನಮ್ಮ ಕೈಯಲ್ಲಿರುವುದು ಆ ಒಂದು ಚೀಟಿ ಮಾತ್ರ. ಅದನ್ನೂ ಮೂರು ಸಾವಿರಕ್ಕೆ ನಾವು ಮಾರಿಕೊಳ್ಳುತ್ತಿದ್ದೇವೆ ಎಂಬುದೇ ನಮ್ಮ ಆಕ್ಷೇಪ. ತೆರಿಗೆ ಹೆಚ್ಚೆಂಬ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಅನೇಕ ಕೃಷಿ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿರುವಾಗ, ಬಿಲ್ ಬಿಟ್ಟು ಉಳಿಸುವ ಹಣವೂ ಅಷ್ಟೇ ಕುಗ್ಗಿದೆ. ಕೆಲವು ಅಂಗಡಿಗಳಲ್ಲಿ ತೆರಿಗೆ ಇಳಿದರೂ ಈ ಎರಡು ಬೆಲೆಗಳ ಅಂತರ ಇಳಿದಂತೆ ಕಾಣುವುದಿಲ್ಲ. ಅಂದಮೇಲೆ ಬಿಲ್ಲಿಲ್ಲದ ವ್ಯಾಪಾರದಲ್ಲಿ ಲಾಭ ಯಾರಿಗೆಂದು ಸದಸ್ಯರೇ ಯೋಚಿಸಲಿ.

ಕಾನೂನು ಏನು ಹೇಳುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಬಹಳ ಮಂದಿ ಇದನ್ನು ಪೇಟೆಯವರ ಕಾನೂನೆಂದು ತಿಳಿದಿದ್ದಾರೆ. ಗ್ರಾಹಕ ರಕ್ಷಣೆಗೆ ಮೊದಲ ಕಾಯಿದೆ ಬಂದದ್ದು 1986ರಲ್ಲಿ. ಅದರ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಮಾರಿದ ಸರಕಿಗೆ ಬಿಲ್ ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದೂ ಹಾಗೆಯೇ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂದು ಗೋಡೆಯ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಬರೆಸಿದರೂ, ಕೆಟ್ಟ ಮಾಲಿನ ವಿಷಯದಲ್ಲಿ ಅದಕ್ಕೆ ಬೆಲೆಯಿಲ್ಲ.

ಬೇಸಾಯಗಾರ ಗ್ರಾಹಕನೇ ಅಲ್ಲ, ಅವನು ಲಾಭಕ್ಕಾಗಿ ಕೊಳ್ಳುವವನು ಎಂಬ ವಾದವೂ ಹಿಂದೆ ನಡೆದಿತ್ತು. ಆಂಧ್ರದ ರೈತರು ಕಳಪೆ ಬೀಜದ ಬಗ್ಗೆ ರಾಷ್ಟ್ರೀಯ ಬೀಜ ನಿಗಮದ ಮೇಲೆ ಹೂಡಿದ್ದ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯ 2012ರ ಜನವರಿಯಲ್ಲಿ ಈ ವಾದವನ್ನು ತಳ್ಳಿಹಾಕಿತು. ಬೀಜದ ಮಾದರಿಯನ್ನು ಪರೀಕ್ಷೆಗೆ ಕೊಡಲಿಲ್ಲವೆಂಬ ಆಕ್ಷೇಪಣೆಗೆ ನ್ಯಾಯಾಲಯ ಕೊಟ್ಟ ಉತ್ತರ ನಮಗೆ ಬಹಳ ಹಿಡಿಸಿತು: ರೈತನಾದವನು ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತೆಂದು ಒಂದಷ್ಟು ತೆಗೆದಿಡುವನೆಂದು ನಿರೀಕ್ಷಿಸಲಾಗದು. ಗೊಬ್ಬರ, ಮೈಲುತುತ್ತುಗಳ ವಿಷಯದಲ್ಲೂ ಇದೇ ನ್ಯಾಯವನ್ನು ಕೇಳಬಹುದು. ಆದರೆ ಒಂದು ಎಚ್ಚರಿಕೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡವರಿಗೆ ಈ ರಕ್ಷಣೆ ಇದೆ. ಕಂಪೆನಿಯಾಗಿ ನಡೆಯುವ ದೊಡ್ಡ ಎಸ್ಟೇಟುಗಳು ವಾಣಿಜ್ಯೋದ್ದೇಶವೆಂಬ ಆಕ್ಷೇಪಣೆಯನ್ನು ಎದುರಿಸಬೇಕಾದೀತು.

ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕು. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಹೊಸ ಕಾಯಿದೆಯಲ್ಲಿ ನಮ್ಮಂಥ ಹಳ್ಳಿಗರಿಗೆ ಆಗಿರುವ ದೊಡ್ಡ ಉಪಕಾರವಿದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ದೂರು ಬರೆಸಬಹುದು. ಅಂಗಡಿಗೆ ನೋಟೀಸು ಕಳುಹಿಸುವವರು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿಯನ್ನು ಕಾಪಾಡಿಕೊಳ್ಳಬೇಕು. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಅದರೊಳಗೇ ಸೇರಿಹೋಯಿತು. ತೀರ್ಪು ಮೂರು ತಿಂಗಳಲ್ಲಿ, ಸರಕಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಆಗಬೇಕೆಂದು ಕಾಯಿದೆಯಲ್ಲಿ ಬರೆದಿದೆ. ಬರೆದಂತೆಯೇ ನಡೆಯುತ್ತದೆಂದು ಭರವಸೆ ಕೊಡಲಾರೆವು. ಆದರೆ ಇವೆಲ್ಲಕ್ಕೂ ಮೊದಲು ಬಿಲ್ ಎಲ್ಲಿ ಎಂದು ಕೇಳುತ್ತಾರೆ.

ಫೋನಿನ ಮೆಸೇಜು ಇದೆಯಲ್ಲ ಎನ್ನುವವರೂ ಇದ್ದಾರೆ. ಅದೂ ಒಂದು ಸಾಕ್ಷಿಯೇ, ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಹಣ ಯಾರಿಗೆ ಹೋಯಿತೆಂದು ಅದು ಹೇಳುತ್ತದೆಯೇ ಹೊರತು ಪಂಪು ಕೊಂಡಿರೋ ಪಂಚೆ ಕೊಂಡಿರೋ ಹೇಳುವುದಿಲ್ಲ. ಅಂಗಡಿಯ ಯಂತ್ರ ಉಗುಳುವ ನುಣುಪು ಕಾಗದದ ಚೀಟಿಯ ಕಥೆ ಇನ್ನೊಂದು. ಅದರ ಅಕ್ಷರ ಶಾಯಿಯದಲ್ಲ, ಬಿಸಿಯಿಂದ ಮೂಡಿದ್ದು. ನಮ್ಮ ಮಲೆನಾಡಿನ ಥಂಡಿಗೋ ಅಟ್ಟದ ಹೊಗೆಗೋ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ. ವಾರಂಟಿ ಒಂದು ವರ್ಷ, ಬಿಲ್ಲಿನ ಆಯುಷ್ಯ ಅರ್ಧ ವರ್ಷ. ತಂದ ದಿನವೇ ಅದರ ಜೆರಾಕ್ಸ್ ಮಾಡಿಸಿಡಬೇಕು.

ಇನ್ನು ಸ್ವಲ್ಪ ಕಹಿಯಾದ ಮಾತು. ಅಂಗಡಿಯವರನ್ನು ದೂರುವ ನಾವು ಮಾರುವಾಗ ಏನು ಮಾಡುತ್ತಿದ್ದೇವೆ? ಮನೆ ಬಾಗಿಲಿಗೆ ಬಂದ ವ್ಯಾಪಾರಿ, ಸಂಘದ ಧಾರಣೆಗಿಂತ ಐದು ರೂಪಾಯಿ ಹೆಚ್ಚು ಕೊಡುತ್ತೇನೆ, ಬಿಲ್ ಮಾತ್ರ ಇಲ್ಲ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಚಾಲಿಯನ್ನು ತೂಗಿ ಕೊಟ್ಟಿಲ್ಲ? ಅವನ ತಕ್ಕಡಿ, ಅವನ ಲೆಕ್ಕ, ಅವನು ಎಣಿಸಿಕೊಟ್ಟ ನೋಟು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಬೆಳೆ ಮಾರಿದ ಹಣವೆಂದು ಇದರಲ್ಲಿ ರಿಯಾಯಿತಿ ಇಲ್ಲ. ದಂಡ ಬೀಳುವುದು ಕೊಟ್ಟವನಿಗಲ್ಲ, ಪಡೆದವನಿಗೆ. ಅದೂ ಪಡೆದಷ್ಟೇ ಮೊತ್ತ. ವ್ಯಾಪಾರಿ ಲಾರಿ ಹತ್ತಿ ಹೋಗಿರುತ್ತಾನೆ, ನೋಟೀಸು ನಮ್ಮ ಮನೆಗೆ ಬರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ಬ್ಯಾಂಕಿಗೆ ಕಟ್ಟಿದ ಹಣ ತೋಟದ್ದೇ ಎಂದು ತೋರಿಸಬೇಕಾದವರು ನಾವೇ, ತೋರಿಸಲು ಬೇಕಾಗುವುದು ಮತ್ತೆ ಅದೇ ಬಿಲ್ಲು.

ಹಿರಿಯ ಕಾಫಿ ಬೆಳೆಗಾರರ ಮನೆಗಳಲ್ಲಿ ಪೂಲ್ ಕಾಲದ ರಸೀತಿಗಳು ಇನ್ನೂ ತಗಡಿನ ಪೆಟ್ಟಿಗೆಯಲ್ಲಿರುವುದನ್ನು ನಾವು ಕಂಡಿದ್ದೇವೆ. ಕಾಫಿಯನ್ನೆಲ್ಲ ಮಂಡಳಿಗೆ ಕೊಟ್ಟು, ಪಾಯಿಂಟುಗಳ ಲೆಕ್ಕದಲ್ಲಿ ಕಂತುಕಂತಾಗಿ ಹಣಕ್ಕೆ ಕಾಯಬೇಕಾಗಿದ್ದ ಕಾಲವದು. 1996ರಲ್ಲಿ ಅದು ಪೂರ್ತಿ ಮುಗಿಯಿತು. ಮತ್ತೆ ಬರಲೆಂದು ನಾವಾರೂ ಹರಕೆ ಹೊತ್ತಿಲ್ಲ. ಆದರೂ ಎಷ್ಟು ಕೊಟ್ಟೆವು, ಎಷ್ಟು ಬಂತು, ಎಷ್ಟು ಬರಬೇಕು ಎಂಬುದು ಆ ಚೀಟಿಗಳಲ್ಲಿ ಸ್ಪಷ್ಟವಾಗಿತ್ತು. ಅಡಿಕೆಯವರಿಗೂ ಇದರ ಅನುಭವವಿದೆ. 1970ರ ದಶಕದ ಆರಂಭದಲ್ಲಿ ಧಾರಣೆ ಬಿದ್ದು, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗ ಬೆಳೆಗಾರ ಹುಡುಕುತ್ತಿದ್ದುದು ಒಳ್ಳೆಯ ಧಾರಣೆಯನ್ನು ಮಾತ್ರವಲ್ಲ, ನಂಬಬಹುದಾದ ತೂಕ ಮತ್ತು ಲೆಕ್ಕವನ್ನೂ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಸಂಘದ ಮಾರಾಟ ವಿಭಾಗದಲ್ಲೂ "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಫಲಕ ಬಹುಕಾಲದಿಂದ ತೂಗುತ್ತಿತ್ತು. ಈ ಲೇಖನ ಬರೆಯಲು ಕುಳಿತಾಗಲೇ ಅದು ನಮ್ಮ ಕಣ್ಣಿಗೆ ಬಿದ್ದದ್ದೆಂದು ಒಪ್ಪಿಕೊಳ್ಳುತ್ತೇವೆ. ಈಗ ಅದನ್ನು ತೆಗೆಸಲಾಗಿದೆ. ಕೌಂಟರಿನಲ್ಲಿ ನೂಕುನುಗ್ಗಲಿದ್ದಾಗ "ಬಿಲ್ ಆಮೇಲೆ ತಗೊಳ್ಳಿ" ಎನ್ನುವ ರೂಢಿಯೂ ನಮ್ಮಲ್ಲಿದೆಯೆಂದು ಕೆಲವು ಸದಸ್ಯರು ದೂರಿದ್ದಾರೆ. ಹಾಗೆ ಹೇಳಿದ ಸಿಬ್ಬಂದಿಯ ಹೆಸರನ್ನು ಕಾರ್ಯದರ್ಶಿಯವರಿಗೆ ತಿಳಿಸಬಹುದು; ಅದಕ್ಕೆ ಸಂಕೋಚ ಬೇಡ.

ಪಂಪಿನ ಗೌಡರು ಕೊನೆಗೆ ಬೇರೆ ಊರಿನ ಮೆಕ್ಯಾನಿಕ್‌ನಿಂದ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿಕೊಂಡರು. ಹಾಳಾಗಿದ್ದದ್ದು ಒಳಗಿನ ಒಂದು ಸೀಲು. ಉಳಿಸಿದ್ದ ಮೂರು ಸಾವಿರದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತಂತೆ. ಉದುರಿದ ಅಡಿಕೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಈ ಸಲ ಔಷಧಿ ಹೊಡೆಯುವ ಕಾಲಕ್ಕೆ ಮುಂಚೆ ಪಂಪು, ದೋಟಿ, ಕಳೆಯಂತ್ರ ಕೊಳ್ಳುವ ಸದಸ್ಯರು ಬಿಲ್ಲನ್ನೂ ಮೊಹರು ಹಾಕಿದ ವಾರಂಟಿ ಕಾರ್ಡನ್ನೂ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿಗೆ ತಂದರೆ, ಉಚಿತವಾಗಿ ಎರಡು ಪ್ರತಿ ಮಾಡಿ, ಒಂದನ್ನು ಸದಸ್ಯರ ಕಡತದಲ್ಲೇ ಇಡುವ ವ್ಯವಸ್ಥೆ ಮಾಡಿದ್ದೇವೆ. ಮೂಲ ಪ್ರತಿಯನ್ನು ಮರೆಯದೆ ವಾಪಸು ತೆಗೆದುಕೊಂಡು ಹೋಗಬೇಕಾಗಿ ಕೋರಿಕೆ.